ಅಂಗಡಿಯ ಲೆಕ್ಕ ಊರಿಗೆಲ್ಲ ಗೊತ್ತು, ಅಂಗಡಿಯವರಿಗೆ?

2025ರ ಜುಲೈನಲ್ಲಿ ಬೆಂಗಳೂರಿನ ಬೇಕರಿ, ಕಾಂಡಿಮೆಂಟ್ಸ್, ಟೀ ಅಂಗಡಿಗಳ ಮುಂದೆ ಹೊಸ ಚೀಟಿಯೊಂದು ಕಾಣಿಸಿಕೊಂಡಿತು: ‘ಯುಪಿಐ ಇಲ್ಲ, ಕ್ಯಾಶ್ ಮಾತ್ರ’. ವಾಣಿಜ್ಯ ತೆರಿಗೆ ಇಲಾಖೆ 2021–22ರಿಂದೀಚಿನ ಯುಪಿಐ ವಹಿವಾಟಿನ ಮಾಹಿತಿ ತರಿಸಿಕೊಂಡು, ಜಿಎಸ್‌ಟಿ ನೋಂದಣಿಯ ಮಿತಿ ದಾಟಿದ್ದೀರಿ ಎಂದು ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕಳಿಸಿತ್ತು. ಸರಕು ಮಾರುವವರಿಗೆ ಈ ಮಿತಿ ವರ್ಷಕ್ಕೆ 40 ಲಕ್ಷ ರೂಪಾಯಿ, ಸೇವೆ ಕೊಡುವವರಿಗೆ 20 ಲಕ್ಷ. ವ್ಯಾಪಾರಿಗಳು ಬಂದ್‌ಗೆ ಕರೆ ಕೊಟ್ಟರು. ಜುಲೈ 23ರಂದು ಮುಖ್ಯಮಂತ್ರಿ ಸಿದ್ದರಾಮಯ್ಯ ಅವರೊಂದಿಗೆ ಸಭೆ ನಡೆದು, ನೋಂದಣಿ ಮಾಡಿಸಿಕೊಂಡರೆ ಹಳೆಯ ಬಾಕಿ ಕೇಳುವುದಿಲ್ಲ ಎಂಬ ಭರವಸೆ ಸಿಕ್ಕ ಮೇಲೆ ಬಿಸಿ ಆರಿತು.

ತೆರಿಗೆಯ ಚರ್ಚೆಯಲ್ಲಿ ಒಂದು ಮಾತು ಮರೆತೇಹೋಯಿತು. ಅಂಗಡಿಗೆ ದಿನಕ್ಕೆ ಎಷ್ಟು ಹಣ ಬರುತ್ತದೆ, ಯಾವ ಹೊತ್ತಿನಲ್ಲಿ ಬರುತ್ತದೆ ಎಂಬುದು ಬ್ಯಾಂಕಿಗೆ ಗೊತ್ತು, ಪೇಮೆಂಟ್ ಆ್ಯಪ್‌ಗೆ ಗೊತ್ತು, ಈಗ ಸರ್ಕಾರಕ್ಕೂ ಗೊತ್ತು. ಗಲ್ಲಾದ ಹಿಂದೆ ಕೂತವರು ಮಾತ್ರ ಆ ಅಂಕಿಗಳನ್ನು ತೆರೆದು ನೋಡಿರುವುದಿಲ್ಲ. ಸೌಂಡ್‌ಬಾಕ್ಸ್ ಕೂಗಿದ್ದನ್ನು ಕೇಳಿ ತೃಪ್ತರಾಗುತ್ತಾರೆ.

ಹೋಟೆಲ್‌ಗಳ ಕಥೆಯೂ ಹೀಗೇ. 2022ರ ಏಪ್ರಿಲ್‌ನಲ್ಲಿ ಭಾರತೀಯ ಸ್ಪರ್ಧಾ ಆಯೋಗವು ರೆಸ್ಟೊರೆಂಟ್ ಮಾಲೀಕರ ರಾಷ್ಟ್ರೀಯ ಸಂಘಟನೆಯ ದೂರಿನ ಮೇಲೆ ಜೊಮ್ಯಾಟೊ ಮತ್ತು ಸ್ವಿಗ್ಗಿ ವಿರುದ್ಧ ತನಿಖೆಗೆ ಆದೇಶಿಸಿತು. ಊಟ ತರಿಸಿಕೊಂಡ ಗ್ರಾಹಕರ ಮಾಹಿತಿಯನ್ನು ಹೋಟೆಲ್‌ಗೆ ಕೊಡುವುದಿಲ್ಲ ಎಂಬುದೂ ಆ ದೂರಿನಲ್ಲಿತ್ತು. ಅಡುಗೆ ಮಾಡಿದವರಿಗೆ ಉಂಡವರು ಯಾರೆಂದು ಗೊತ್ತಿಲ್ಲದಿದ್ದರೆ, ಅವರನ್ನು ಮತ್ತೆ ಕರೆಯುವುದಾದರೂ ಹೇಗೆ?

ನೋಟಿಸ್ ಪ್ರಕರಣ ಇನ್ನೊಂದು ಪಾಠವನ್ನೂ ಕಲಿಸಿತು. ಖಾತೆಗೆ ಬಂದ ಒಟ್ಟು ಮೊತ್ತ ಬೇರೆ, ವ್ಯಾಪಾರ ಬೇರೆ, ಲಾಭ ಬೇರೆ. ಅದೇ ಖಾತೆಗೆ ಅಣ್ಣ ಕಳಿಸಿದ ಕೈಸಾಲವೂ ಬಂದಿರಬಹುದು. ಹಾಲು, ತರಕಾರಿಯಂಥ ವಿನಾಯಿತಿಯ ಸರಕು ಮಾತ್ರ ಮಾರುವವರು ನೋಂದಣಿಯನ್ನೇ ಮಾಡಿಸಬೇಕಿಲ್ಲ. ವಿಂಗಡಿಸದ ಸಂಖ್ಯೆ ಹೆದರಿಸುತ್ತದೆ, ಇಲ್ಲವೇ ಹಿಗ್ಗಿಸುತ್ತದೆ, ದಾರಿ ತೋರಿಸುವುದಿಲ್ಲ. ಆನ್‌ಲೈನ್ ಪ್ರಚಾರದಲ್ಲೂ ಸಣ್ಣ ಅಂಗಡಿಗಳು ಎಡವುತ್ತಿರುವುದು ಇಲ್ಲಿಯೇ.

‘ರೀಲ್ ಐವತ್ತು ಸಾವಿರ ಜನ ನೋಡಿದ್ದಾರಪ್ಪ, ಆದ್ರೂ ಗಿರಾಕಿ ಬರ್ತಿಲ್ಲ’ ಎನ್ನುವ ಮಾತು ಈಗ ಎಲ್ಲ ಊರಿನಲ್ಲೂ ಕೇಳುತ್ತದೆ. ದಾವಣಗೆರೆಯ ಬೆಣ್ಣೆ ದೋಸೆಯ ರೀಲನ್ನು ದೆಹಲಿಯವರು ಎಷ್ಟು ಸಲ ನೋಡಿದರೂ ಕಾವಲಿಯ ಮೇಲೆ ಒಂದು ದೋಸೆಯೂ ಹೆಚ್ಚಾಗುವುದಿಲ್ಲ. ಅದೇ ಇಳಕಲ್ ಸೀರೆ ಮಾರುವವರು ಕೊರಿಯರ್ ಮಾಡುವುದಾದರೆ ದೆಹಲಿಯ ನೋಡುಗರೂ ಗಿರಾಕಿಯಾಗಬಹುದು. ಇನ್‌ಸ್ಟಾಗ್ರಾಂ ಖಾತೆಯನ್ನು ಪ್ರೊಫೆಷನಲ್ ಎಂದು ಬದಲಿಸಿಕೊಂಡರೆ ನಮ್ಮನ್ನು ಹಿಂಬಾಲಿಸುವವರು ಯಾವ ಊರಿನವರು, ಯಾವ ವಯಸ್ಸಿನವರು ಎಂಬುದು ಉಚಿತವಾಗಿ ಸಿಗುತ್ತದೆ. ದೋಸೆ ಹೋಟೆಲ್‌ಗೆ ಬೇಕಿರುವುದು ಒಟ್ಟು ನೋಟವಲ್ಲ, ಅದರಲ್ಲಿ ದಾವಣಗೆರೆಯವರು ಎಷ್ಟು ಎಂಬ ಲೆಕ್ಕ.

ಗೂಗಲ್ ಮ್ಯಾಪ್‌ನಲ್ಲಿ ಅಂಗಡಿ ತೋರಿಸುವ ‘ಬಿಸಿನೆಸ್ ಪ್ರೊಫೈಲ್’ಗೂ ದುಡ್ಡಿಲ್ಲ. ಎಷ್ಟು ಜನ ನೋಡಿದರು, ಏನೆಂದು ಹುಡುಕಿ ಬಂದರು, ಎಷ್ಟು ಜನ ಕರೆಯ ಗುಂಡಿ ಒತ್ತಿದರು, ಎಷ್ಟು ಜನ ದಾರಿ ಕೇಳಿದರು ಎಂಬುದನ್ನು ಅದು ಹೇಳುತ್ತದೆ. ಇದನ್ನು ನೀರಿನ ಪೈಪಿನಂತೆ ನೋಡಬೇಕು. ಟ್ಯಾಂಕಿನಿಂದ ನಲ್ಲಿಯವರೆಗೆ ಎಲ್ಲಿ ಸೋರುತ್ತಿದೆ ಎಂದು ಹುಡುಕಬೇಕು. ಒಂದು ಬೇಕರಿಯ ಪುಟವನ್ನು ತಿಂಗಳಿಗೆ 1,000 ಜನ ನೋಡಿ, 20 ಜನ ಮಾತ್ರ ದಾರಿ ಕೇಳಿದರು ಎಂದುಕೊಳ್ಳೋಣ. ನೋಡುವವರಿಗೆ ಬರವಿಲ್ಲ, ಹಾಗಾಗಿ ಜಾಹೀರಾತಿಗೆ ದುಡ್ಡು ಸುರಿಯುವುದು ದಂಡ. ಹಳೆಯ ಫೋಟೊ, ತಪ್ಪು ಸಮಯ, ಬೆಲೆಪಟ್ಟಿ ಇಲ್ಲದಿರುವುದು ಕಾರಣವಿರಬಹುದು. ದಾರಿ ಕೇಳಿದವರು ಹೆಚ್ಚು, ಒಳಗೆ ಬಂದವರು ಕಡಿಮೆಯಾದರೆ ಮ್ಯಾಪ್‌ನ ಗುರುತೇ ಪಕ್ಕದ ಬೀದಿಯಲ್ಲಿರಬಹುದು. ಜನ ‘ಎಗ್‌ಲೆಸ್ ಕೇಕ್’ ಎಂದು ಹುಡುಕಿ ಬರುತ್ತಿದ್ದು, ಪುಟದಲ್ಲಿ ಆ ಪದವೇ ಇಲ್ಲದಿದ್ದರೆ ಏನು ಸೇರಿಸಬೇಕೆಂದು ಬೇರೆ ಹೇಳಬೇಕಿಲ್ಲ.

ಆದರೆ ಅಂಕಿ–ಅಂಶ ಮೋಸವನ್ನೂ ಮಾಡುತ್ತದೆ. ಮೂರು ಆರ್ಡರ್ ಆರಾದರೆ ಅದು ಶೇ 100ರಷ್ಟು ಏರಿಕೆ. ಪ್ರಚಾರ ಮಾಡಿಕೊಡುವ ಏಜೆನ್ಸಿಗಳು ಇಂಥ ಶೇಕಡಾವಾರನ್ನೇ ದೊಡ್ಡ ಅಕ್ಷರದಲ್ಲಿ ತೋರಿಸುತ್ತವೆ. ಇಷ್ಟು ಸಣ್ಣ ಸಂಖ್ಯೆಯ ಏರಿಳಿತ ಬರೀ ಆಕಸ್ಮಿಕವಾಗಿರಬಹುದು. ದೀಪಾವಳಿಯ ತಿಂಗಳ ಸಿಹಿತಿಂಡಿ ವ್ಯಾಪಾರವನ್ನು ಅದರ ಹಿಂದಿನ ತಿಂಗಳಿಗೆ ಹೋಲಿಸಿದರೆ ಹಬ್ಬದ ಪುಣ್ಯವೆಲ್ಲ ಜಾಹೀರಾತಿನ ಖಾತೆಗೆ ಜಮೆಯಾಗುತ್ತದೆ. ಹೋಲಿಸಬೇಕಾದದ್ದು ಕಳೆದ ದೀಪಾವಳಿಗೆ. ನಾಲ್ಕು ನೆಂಟರು ಕೊಟ್ಟ ಐದು ಸ್ಟಾರ್‌ಗಿಂತ ಇನ್ನೂರು ಗಿರಾಕಿಗಳು ಕೊಟ್ಟ 4.3 ಹೆಚ್ಚು ನಂಬಲರ್ಹ. ಒಮ್ಮೆಗೆ ಒಂದನ್ನೇ ಬದಲಿಸಿ ಕೆಲವು ವಾರ ಕಾಯಬೇಕು. ಫೋಟೊ, ಬೆಲೆ, ಸಮಯ ಮೂರನ್ನೂ ಒಟ್ಟಿಗೆ ಬದಲಿಸಿದರೆ ಯಾವುದರಿಂದ ಗಿರಾಕಿ ಬಂದರೆಂಬುದು ತಿಳಿಯುವುದೇ ಇಲ್ಲ. ಎಲ್ಲಕ್ಕಿಂತ ಅಗ್ಗದ ಸಾಧನ ಬಾಯಿಮಾತು: ‘ನಮ್ಮ ಅಂಗಡಿ ಹೇಗೆ ಗೊತ್ತಾಯ್ತು?’ ಎಂದು ಕೇಳಿ ಪುಸ್ತಕದಲ್ಲಿ ಗೆರೆ ಎಳೆದಿಟ್ಟರೆ ಅದೂ ಡೇಟಾ. ಹೀಗೆ ಬರೆದಿಡುವಾಗ ಹೆಸರು, ಫೋನ್ ನಂಬರ್‌ಗಳನ್ನು ಒಪ್ಪಿಗೆಯಿಲ್ಲದೆ ಕೂಡಿಹಾಕಬಾರದು. ಗ್ರಾಹಕರ ಮಾಹಿತಿ ಅವರ ಸ್ವತ್ತು ಎಂಬುದನ್ನು 2023ರಲ್ಲಿ ಬಂದ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯೂ ನೆನಪಿಸುತ್ತದೆ.

ಇದನ್ನೆಲ್ಲ ಮಾಡಲು ಬೆಳಿಗ್ಗೆ ಐದಕ್ಕೆ ಶಟರ್ ಎತ್ತಿ ರಾತ್ರಿ ಹತ್ತಕ್ಕೆ ಇಳಿಸುವವರಿಗೆ ಪುರುಸೊತ್ತೆಲ್ಲಿ ಎಂಬ ಪ್ರಶ್ನೆ ನ್ಯಾಯವಾದದ್ದೇ. ಇಲ್ಲಿ ನಮ್ಮಂಥವರಿಗೆ ಕೆಲಸವಿದೆ. ವಿಟಿಯು ವ್ಯಾಪ್ತಿಯಲ್ಲಿ ಬಿಇ ಓದುವವರು ಪದವಿ ಪಡೆಯಲು 100 ಚಟುವಟಿಕೆ ಅಂಕ ಗಳಿಸಬೇಕು. ಎಐಸಿಟಿಇ ಸೂಚಿಸಿದ ಚಟುವಟಿಕೆಗಳಲ್ಲಿ ಗ್ರಾಮೀಣ ಉತ್ಪನ್ನಗಳ ಮಾರಾಟಕ್ಕೆ ನೆರವಾಗುವುದೂ ಇದೆ. ನಮ್ಮಲ್ಲಿ ಹಲವರು ಗಿಡ ನೆಟ್ಟು, ಫೋಟೊ ತೆಗೆದು, ವರದಿ ಕೊಟ್ಟು ಅಂಕ ಮುಗಿಸುತ್ತೇವೆ. ಬೇಸಿಗೆಯಲ್ಲಿ ಆ ಗಿಡಕ್ಕೆ ನೀರು ಹಾಕಿದವರು ಯಾರೆಂದು ಯಾರೂ ಕೇಳುವುದಿಲ್ಲ. ಅದರ ಬದಲು ನಾಲ್ಕು ಜನರ ತಂಡ ಒಂದು ಸ್ವಸಹಾಯ ಸಂಘದ ರೊಟ್ಟಿ, ಚಟ್ನಿಪುಡಿಯ ವ್ಯಾಪಾರವನ್ನು ಒಂದು ಸೆಮಿಸ್ಟರ್ ಹಿಂಬಾಲಿಸಲಿ. ವಾರಕ್ಕೆ ಐದೇ ಸಂಖ್ಯೆ ಬರೆದಿಡಲಿ: ನೋಡಿದವರು, ಕೇಳಿದವರು, ಕೊಂಡವರು, ಮತ್ತೆ ಕೊಂಡವರು, ಖರ್ಚು ಕಳೆದು ಉಳಿದ ಹಣ. ನಾವು ಮೂರನೇ ಸೆಮಿಸ್ಟರ್‌ನಲ್ಲಿ ಕಲಿಯುವ ಸರಾಸರಿ, ಸಂಭವನೀಯತೆಗಳಿಗೆ ಇದಕ್ಕಿಂತ ಒಳ್ಳೆಯ ಪ್ರಯೋಗಾಲಯ ಸಿಗದು.

ಕ್ಯೂಆರ್ ಕೋಡ್ ಕಿತ್ತುಹಾಕುವುದರಿಂದ ನಷ್ಟ ವ್ಯಾಪಾರಿಗಳಿಗೇ. ತನ್ನ ವ್ಯಾಪಾರ ಎಷ್ಟು, ಅದರಲ್ಲಿ ವಿನಾಯಿತಿಯದ್ದೆಷ್ಟು, ಕೈಗಡ ಎಷ್ಟು ಎಂದು ಕಾಗದ ತೋರಿಸಿ ಹೇಳಬಲ್ಲವರಿಗೆ ನೋಟಿಸ್ ಬಂದರೆ ಉತ್ತರವಿರುತ್ತದೆ. ನಾಳೆ ಬ್ಯಾಂಕಿಗೆ ಸಾಲ ಕೇಳಲು ಹೋದಾಗಲೂ ಅದೇ ಕಾಗದ ಕೈಹಿಡಿಯುತ್ತದೆ.