ವಾಯುಗುಣದ ವಿಷಯದಲ್ಲಿ ನಂಬತಕ್ಕ ಗ್ರಂಥಗಳು

ವಾಯುಗುಣದ ಬದಲಾವಣೆಯನ್ನು ಕುರಿತು ಮಾತನಾಡದ ಮನೆ ಈಗ ಇಲ್ಲ. ಮಳೆ ತಪ್ಪಿದರೂ ಅದೇ ಮಾತು, ಹೊಳೆ ಉಕ್ಕಿದರೂ ಅದೇ ಮಾತು. ಮೊಬೈಲಿನಲ್ಲಿ ಬರುವ ಬರಹಗಳಿಗಂತೂ ಲೆಕ್ಕವಿಲ್ಲ. ಒಂದು ಬರಹವು ಪ್ರಳಯ ನಾಳೆಯೇ ಎನ್ನುತ್ತದೆ. ಇನ್ನೊಂದು, ಇದೆಲ್ಲ ಕಟ್ಟುಕತೆ ಎನ್ನುತ್ತದೆ. ನಮ್ಮ ಹುಡುಗಿಯರು ಯಾವುದನ್ನು ನಂಬತಕ್ಕದ್ದು?

ದೊಡ್ಡ ಸಂಸ್ಥೆಯ ಗ್ರಂಥವಾದರೆ ಸಾಕೆಂದು ಕೆಲವರು ಹೇಳುವರು. ಅಷ್ಟು ಸಾಲದೆಂಬುದು ನನ್ನ ಅಭಿಪ್ರಾಯ. 1988ರಲ್ಲಿ ಸ್ಥಾಪಿತವಾದ ಐ.ಪಿ.ಸಿ.ಸಿ. ಎಂಬ ಅಂತರರಾಷ್ಟ್ರೀಯ ಮಂಡಳಿಯು, ಹಿಮಾಲಯದ ಹಿಮನದಿಗಳು 2035ರೊಳಗೆ ಇಲ್ಲವಾಗುವ ಸಂಭವ ಬಹಳವೆಂದು 2007ರ ತನ್ನ ವರದಿಯಲ್ಲಿ ಬರೆಯಿತು. ಅದಕ್ಕೆ ತಕ್ಕ ಪ್ರಮಾಣವಿರಲಿಲ್ಲ. ವಿಜ್ಞಾನಿಗಳು ಇದನ್ನು ಎತ್ತಿ ತೋರಿಸಲಾಗಿ, ಮಂಡಳಿಯು 2010ರ ಜನವರಿಯಲ್ಲಿ ತಪ್ಪನ್ನೊಪ್ಪಿ ವಿಷಾದವನ್ನು ಪ್ರಕಟಿಸಿತು. ಹಿಮನದಿಗಳು ಕರಗುತ್ತಿರುವುದು ಸುಳ್ಳಲ್ಲ. ಹೇಳಿದ ಕಾಲಮಿತಿ ತಪ್ಪಾಗಿತ್ತು.

ಇದನ್ನೇ ಹಿಡಿದು ಮಂಡಳಿಯನ್ನು ಹಳಿದವರುಂಟು. ನನಗಾದರೋ ಅದರ ಮೇಲಣ ನಂಬಿಕೆ ಹೆಚ್ಚಿತು. ಆ ವರದಿಯು ತನ್ನ ಆಧಾರವನ್ನು ಮರೆಮಾಡಿರಲಿಲ್ಲ. ಆದುದರಿಂದಲೇ ಹುಡುಕಿದವರಿಗೆ ತಪ್ಪು ದೊರೆಯಿತು. ಮೊಬೈಲಿನ ಬರಹಕ್ಕಾದರೆ ಕರ್ತೃವಿಲ್ಲ, ತಾರೀಖಿಲ್ಲ, ತಿದ್ದುವವರೂ ಇಲ್ಲ. ಆದಕಾರಣ ಹುಡುಗಿಯರು ಯಾವ ಬರಹವನ್ನಾದರೂ ಮೂರು ಪ್ರಶ್ನೆ ಕೇಳಲಿ: ಬರೆದವರು ಯಾರು? ಅಂಕಿಗಳು ಎಲ್ಲಿಂದ ಬಂದವು? ತಪ್ಪಾದರೆ ತಿದ್ದುವ ಏರ್ಪಾಡು ಉಂಟೋ?

ಈ ಪರೀಕ್ಷೆಗೆ ನಿಲ್ಲುವ ಗ್ರಂಥಗಳು ನಮ್ಮ ದೇಶದಲ್ಲಿಯೂ ಇವೆ. ಭಾರತ ಸರಕಾರದ ಭೂವಿಜ್ಞಾನ ಸಚಿವಾಲಯವು 2020ರಲ್ಲಿ ಹೊರಡಿಸಿದ ವರದಿಯು, 1901ರಿಂದ 2018ರವರೆಗೆ ದೇಶದ ಸರಾಸರಿ ಉಷ್ಣತೆಯು ಸುಮಾರು 0.7 ಡಿಗ್ರಿ ಸೆಲ್ಸಿಯಸ್ ಏರಿತೆಂದು ಆಧಾರಸಹಿತ ತಿಳಿಸುತ್ತದೆ. ಅದನ್ನು ಯಾರಾದರೂ ಬೆಲೆ ಕೊಡದೆ ಓದಬಹುದು. ಆದರೆ ಅದು ಇಂಗ್ಲಿಷಿನಲ್ಲಿದೆ, ಬಿರುಸಾದ ಶಾಸ್ತ್ರಭಾಷೆಯಲ್ಲಿದೆ. ವದಂತಿಯೋ ತಿಳಿಗನ್ನಡದಲ್ಲಿ ಮನೆಬಾಗಿಲಿಗೆ ಬರುತ್ತದೆ. ಸತ್ಯವು ಕಪಾಟಿನಲ್ಲಿ ಕುಳಿತು ಸುಳ್ಳು ಊರು ಸುತ್ತಿದರೆ ದೋಷ ಓದುವವರದಲ್ಲ, ಓದಿಯೂ ಹಂಚದ ನಮ್ಮದು.

ಪೂರ್ವ ವಿದ್ಯಾರ್ಥಿನಿಯರೇ, ನಿಮ್ಮಲ್ಲಿ ಉಪಾಧ್ಯಾಯಿನಿಯರಿದ್ದೀರಿ, ವೈದ್ಯೆಯರಿದ್ದೀರಿ, ವಿಜ್ಞಾನ ಕಲಿತವರಿದ್ದೀರಿ. ವರದಿಯ ಒಂದೊಂದು ಅಧ್ಯಾಯದ ಸಾರವನ್ನು ಕನ್ನಡದಲ್ಲಿ ಬರೆದು, ಪುಟಸಂಖ್ಯೆಯೊಡನೆ ಶಾಲೆಯ ಪುಸ್ತಕಭಂಡಾರಕ್ಕೆ ಕೊಡಿರಿ. ತಾಯಿತಂದೆಗಳೇ, ಮಗಳು ನಿಮ್ಮ ಮಾತಿಗೂ ಆಧಾರ ಕೇಳಿದರೆ ಸಿಟ್ಟಾಗಬೇಡಿರಿ. ಪೌಲನಿಂದ ಕೇಳಿದುದನ್ನೂ ಬೆರೋಯದವರು ಗ್ರಂಥಗಳೊಡನೆ ಹೋಲಿಸಿ ನೋಡಿದರು. ಅದಕ್ಕಾಗಿ ಅವರಿಗೆ ನಿಂದೆ ಬರಲಿಲ್ಲ, ಹೊಗಳಿಕೆಯೇ ದೊರೆಯಿತು.