ಆಡುವ ಮೊದಲೇ ರ‍್ಯಾಂಕ್ ಏಕೆ?

ಕಳೆದ ತಿಂಗಳು ನಮ್ಮ ಕಾಲೇಜಿನ ಸೆಕ್ಷನ್ ಮಟ್ಟದ ಫುಟ್‌ಬಾಲ್ ಪಂದ್ಯಾವಳಿಯಲ್ಲಿ ನಮ್ಮ ತಂಡ ಲೀಗ್ ಹಂತದಲ್ಲೇ ಹೊರಬಿತ್ತು. ಸೋತು ಹೊರಬಿದ್ದಿದ್ದರೆ ಇದನ್ನು ಬರೆಯುತ್ತಿರಲಿಲ್ಲ. ಮೂರು ಪಂದ್ಯಗಳಲ್ಲಿ ಎರಡು ಗೆದ್ದು, ಒಂದು ಡ್ರಾ ಮಾಡಿಕೊಂಡಿದ್ದೆವು. ನಮ್ಮ ಜೊತೆ ಡ್ರಾ ಮಾಡಿಕೊಂಡ ಕಾಮರ್ಸ್ ಸೆಕ್ಷನ್ನಿಗೂ ಅಷ್ಟೇ ಅಂಕ, ಗೋಲು ವ್ಯತ್ಯಾಸವೂ ಸಮ. ಗುಂಪಿನಿಂದ ಒಂದೇ ತಂಡ ಫೈನಲ್‌ಗೆ ಹೋಗಬೇಕಿತ್ತು. ನಿಯಮದ ಹಾಳೆ ತೆಗೆದು ನೋಡಿದರೆ, ಎಲ್ಲವೂ ಸಮವಾದಾಗ ಶ್ರೇಯಾಂಕದಲ್ಲಿ ಮೇಲಿರುವ ತಂಡಕ್ಕೆ ಅವಕಾಶ ಎಂದಿತ್ತು.

ಆ ಶ್ರೇಯಾಂಕ ಕೊಟ್ಟದ್ದು ಹೋದ ವರ್ಷದ ಫಲಿತಾಂಶ ನೋಡಿ. ಹೋದ ವರ್ಷ ಆ ಸೆಕ್ಷನ್ನಿಗೆ ಆಡಿದವರು ಈಗ ಪಿಯುಸಿ ಮುಗಿಸಿ ಡಿಗ್ರಿ ಸೇರಿಯಾಗಿದೆ. ಉಳಿದಿದ್ದು ಸೆಕ್ಷನ್ನಿನ ಹೆಸರು ಮಾತ್ರ. ನಾವು ಸೋತಿದ್ದು ಆ ಹೆಸರಿಗೆ.

ಅಂದು ಅಸರ್ ನಮಾಝ್ ಮುಗಿಸಿ ಗೇಟಿನ ಹತ್ತಿರ ಚಹಾ ಕುಡಿಯುವಾಗ ಗೆಳೆಯನೊಬ್ಬ, "ಬಿಡೋ, ಎಲ್ಲ ಕಡೆ ಹೀಗೇನೇ" ಅಂದ. ನಿಜವೇ ಎಂದು ಹುಡುಕಿ ಓದಿದೆ. ಅವನು ಹೇಳಿದ್ದು ಅರ್ಧ ನಿಜ.

ಇದಕ್ಕೆ ದೊಡ್ಡ ಉದಾಹರಣೆ ಅಮೆರಿಕದ ಕಾಲೇಜು ಫುಟ್‌ಬಾಲ್. ಅದು ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ಆಟ, ನಮ್ಮ ಫುಟ್‌ಬಾಲ್ ಅಲ್ಲ. ಅಲ್ಲಿ ನೂರಕ್ಕೂ ಹೆಚ್ಚು ಕಾಲೇಜು ತಂಡಗಳಿವೆ. ಒಂದು ತಂಡ ಒಂದು ವರ್ಷದಲ್ಲಿ ಆಡುವುದು ಸುಮಾರು 12 ಪಂದ್ಯ. ಎಲ್ಲರೂ ಎಲ್ಲರ ಜೊತೆ ಆಡಲು ಸಾಧ್ಯವಿಲ್ಲವಾದ್ದರಿಂದ ಕ್ರೀಡಾ ಪತ್ರಕರ್ತರು ಮತ ಹಾಕಿ ರ‍್ಯಾಂಕ್ ಕೊಡುತ್ತಾರೆ. ಮೊದಲ ಮತದಾನ ನಡೆಯುವುದು ಒಂದೂ ಪಂದ್ಯ ಆಡುವ ಮೊದಲು!

2004ರಲ್ಲಿ ಹೀಗೆ ಮೊದಲೇ ಕೊಟ್ಟ ಪಟ್ಟಿಯಲ್ಲಿ ಸದರ್ನ್ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ ಒಂದನೆಯದು, ಓಕ್ಲಹೋಮಾ ಎರಡನೆಯದು. ಆಬರ್ನ್ ವಿಶ್ವವಿದ್ಯಾಲಯ 17ನೆಯದು. ಮೂರೂ ತಂಡಗಳು ಋತುವಿನುದ್ದಕ್ಕೂ ಒಂದೂ ಪಂದ್ಯ ಸೋಲಲಿಲ್ಲ. ಆಗಿನ ಪದ್ಧತಿಯಲ್ಲಿ ಎರಡು ಮತದಾನ ಮತ್ತು ಕಂಪ್ಯೂಟರ್ ಲೆಕ್ಕ ಸೇರಿಸಿ, ಮೊದಲ ಎರಡು ಸ್ಥಾನದವರನ್ನು ಫೈನಲ್‌ಗೆ ಕರೆಯುತ್ತಿದ್ದರು. ಮೇಲೆ ಕೂತವರು ಸೋಲಲಿಲ್ಲ, ಆದ್ದರಿಂದ ಕೆಳಗೆ ಇಳಿಯಲಿಲ್ಲ. ಆಬರ್ನ್ ಗೆಲ್ಲುತ್ತಾ ಗೆಲ್ಲುತ್ತಾ ಮೂರನೇ ಸ್ಥಾನಕ್ಕೆ ಬಂದು ನಿಂತಿತು. ಅದರ ಕೆಲವು ಎದುರಾಳಿಗಳು ದುರ್ಬಲರು ಎಂಬ ವಾದವೂ ಇತ್ತು, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಫೈನಲ್‌ನಲ್ಲಿ ಓಕ್ಲಹೋಮಾ 55-19ರಿಂದ ಸೋತಿತು. ಆಬರ್ನ್ ಬೇರೊಂದು ಪಂದ್ಯ ಗೆದ್ದು, 13ಕ್ಕೆ 13 ಗೆಲುವಿನೊಂದಿಗೆ ಬರಿಗೈಯಲ್ಲಿ ಮನೆಗೆ ಹೋಯಿತು.

ಅವರು ಇದರಿಂದ ಪಾಠ ಕಲಿತರು. ಪತ್ರಕರ್ತರ ಆ ಮತದಾನ ಮರುವರ್ಷವೇ ಫೈನಲ್ ಲೆಕ್ಕದಿಂದ ಹೊರಗೆ ಬಂತು. ಅದರ ಬದಲಿಗೆ ಬಂದ ಮತದಾನ ಶುರುವಾಗುತ್ತಿದ್ದುದು ಕೆಲವು ವಾರಗಳ ಆಟ ಮುಗಿದ ನಂತರ. 2014ರಿಂದ ತಂಡಗಳನ್ನು ಆರಿಸುತ್ತಿರುವ ಸಮಿತಿಯೂ ತನ್ನ ಮೊದಲ ಪಟ್ಟಿ ಕೊಡುವುದು ಋತುವಿನ ಅರ್ಧಕ್ಕಿಂತ ಹೆಚ್ಚು ಕಳೆದ ಮೇಲೆ. ಅದಕ್ಕೇ ಗೆಳೆಯನ ಮಾತು ಅರ್ಧ ನಿಜ ಅಂದೆ. ತಪ್ಪು ಎಲ್ಲ ಕಡೆ ಆಗುತ್ತದೆ, ಆದರೆ ತಿದ್ದಿಕೊಂಡವರೂ ಇದ್ದಾರೆ.

ನಮಗೆಲ್ಲ ಗೊತ್ತಿರುವ ಕ್ರಿಕೆಟ್‌ನಲ್ಲೂ ಇದು ಇದೆ. 2024ರ ಟಿ20 ವಿಶ್ವಕಪ್‌ನಲ್ಲಿ ಬಿ ಗುಂಪಿನಲ್ಲಿ ಆಸ್ಟ್ರೇಲಿಯಾ ನಾಲ್ಕೂ ಪಂದ್ಯ ಗೆದ್ದು ಮೊದಲ ಸ್ಥಾನ ಪಡೆಯಿತು. ಆದರೂ ಸೂಪರ್ 8ರಲ್ಲಿ ಇಂಗ್ಲೆಂಡ್ 'ಬಿ1', ಆಸ್ಟ್ರೇಲಿಯಾ 'ಬಿ2'. ಟೂರ್ನಿಗೆ ಮೊದಲೇ ಆ ಚೀಟಿ ಅಂಟಿಸಿಯಾಗಿತ್ತು.

ಶ್ರೇಯಾಂಕವೇ ಬೇಡವೆಂದು ನಾನು ಹೇಳುತ್ತಿಲ್ಲ. ಬಲವಾದ ಎರಡು ತಂಡಗಳು ಮೊದಲ ದಿನವೇ ಎದುರಾಗಿ ಒಂದು ಮನೆಗೆ ಹೋಗಬಾರದು ಎಂಬ ಪಿ.ಟಿ. ಸರ್ ಅವರ ಕಾಳಜಿ ಸರಿಯಾದದ್ದೇ. ಯಾರು ಯಾವ ಗುಂಪಿನಲ್ಲಿ ಆಡಬೇಕು ಎನ್ನುವುದಕ್ಕೆ ಹಳೆಯ ಫಲಿತಾಂಶ ನೋಡಲಿ. ಯಾರು ಗೆದ್ದರು ಎನ್ನುವುದಕ್ಕೆ ಮಾತ್ರ ಅದು ಬೇಡ. ಅದನ್ನು ಹೇಳಬೇಕಾದದ್ದು ಮೈದಾನ.

ನಮ್ಮ ಊರಿನ ಚರಿತ್ರೆಯೇ ಇದಕ್ಕೆ ಸಾಕ್ಷಿ. ಮುಂಬೈನ ರೋವರ್ಸ್ ಕಪ್ 1891ರಲ್ಲಿ ಶುರುವಾಯಿತು. ನಾಲ್ಕು ದಶಕಕ್ಕೂ ಹೆಚ್ಚು ಕಾಲ ಅದು ಬ್ರಿಟಿಷ್ ಸೈನ್ಯದ ತಂಡಗಳ ಕೈಯಲ್ಲೇ ಇತ್ತು. 1937ರಲ್ಲಿ ಬೆಂಗಳೂರು ಮುಸ್ಲಿಮ್ಸ್ ತಂಡ ಅದನ್ನು ಗೆದ್ದಿತು. ಸೈನ್ಯದ್ದಲ್ಲದ ಭಾರತೀಯ ತಂಡವೊಂದು ಆ ಕಪ್ ಎತ್ತಿದ್ದು ಅದೇ ಮೊದಲು. 1938ರಲ್ಲಿ ಮತ್ತೆ ಗೆದ್ದಿತು. ಹಿಂದಿನ ವರ್ಷಗಳನ್ನು ನೋಡಿ ಯಾರಾದರೂ ಮೊದಲೇ ರ‍್ಯಾಂಕ್ ಕೊಟ್ಟಿದ್ದರೆ ನಮ್ಮವರು ಎಲ್ಲಿರುತ್ತಿದ್ದರು, ನೀವೇ ಯೋಚಿಸಿ. 2023ರ ಮಾರ್ಚ್‌ನಲ್ಲಿ ರಿಯಾದ್‌ನಲ್ಲಿ ಕರ್ನಾಟಕ ತಂಡ ಮೇಘಾಲಯವನ್ನು 3-2ರಿಂದ ಸೋಲಿಸಿ ಸಂತೋಷ್ ಟ್ರೋಫಿ ಗೆದ್ದಾಗಲೂ ಹಾಗೆಯೇ. ಅದಕ್ಕೆ ಹಿಂದಿನ ಗೆಲುವು 54 ವರ್ಷ ಹಳೆಯದು.

ಮೊದಲ ಅಭಿಪ್ರಾಯ ಅಂಟಿನ ಹಾಗೆ, ಒಮ್ಮೆ ಹತ್ತಿದರೆ ಬಿಡುವುದಿಲ್ಲ. ಇದು ಆಟಕ್ಕೆ ಮಾತ್ರ ಸೀಮಿತವಲ್ಲ. ಪ್ರಥಮ ಪಿಯುಸಿಯ ಮೊದಲ ವಾರ ನಮ್ಮನ್ನೆಲ್ಲ ಎಬ್ಬಿಸಿ ಎಸ್ಸೆಸ್ಸೆಲ್ಸಿಯಲ್ಲಿ ಎಷ್ಟು ಪರ್ಸೆಂಟ್ ಎಂದು ಕೇಳಿದ್ದು ನಿಮಗೂ ನೆನಪಿರಬಹುದು. ನನ್ನದು 61. ಆಮೇಲೆ ಎಷ್ಟೋ ದಿನ ನಾನು ಕೈ ಎತ್ತಿದರೂ ಪ್ರಶ್ನೆ 90 ಬಂದವರಿಗೇ ಹೋಗುತ್ತಿತ್ತು. ಸ್ವಲ್ಪ ದಿನದಲ್ಲಿ ನಾನೇ ಕೈ ಎತ್ತುವುದನ್ನು ಬಿಟ್ಟೆ. ರ‍್ಯಾಂಕಿನ ನಿಜವಾದ ಅಪಾಯ ಅದು: ಬೇರೆಯವರು ಕೊಟ್ಟ ಸ್ಥಾನವನ್ನು ನಾವೂ ನಂಬಿಬಿಡುತ್ತೇವೆ.

ಆದ್ದರಿಂದ ಮುಂದಿನ ವರ್ಷದ ಪಂದ್ಯಾವಳಿಗೆ ಎರಡು ಮನವಿ. ಪ್ರತಿ ತಂಡ ಎರಡು ಪಂದ್ಯ ಆಡುವವರೆಗೆ ನೋಟಿಸ್ ಬೋರ್ಡಿನಲ್ಲಿ ಯಾವ ರ‍್ಯಾಂಕ್ ಪಟ್ಟಿಯೂ ಬೇಡ. ಅಂಕ, ಗೋಲು ಎಲ್ಲ ಸಮವಾದರೆ ಐದೈದು ಪೆನಾಲ್ಟಿ ಒದೆಯಲು ಬಿಡಿ, ಹತ್ತು ನಿಮಿಷ ಸಾಕು. ಆಗ ಸೋತರೆ ಎದುರು ತಂಡದ ಕೈ ಕುಲುಕಿ, ಚಹಾ ನಾವೇ ಕೊಡಿಸುತ್ತೇವೆ.