ಬಕೆಟ್ಟಿನಲ್ಲಿ ದೊಣ್ಣೆ ಮೆಣಸಿನಕಾಯಿ

ಮಣ್ಣಿಲ್ಲದೆ, ಗೊಬ್ಬರದ ನೀರಿಗೆ ಬೇರು ಇಳಿಬಿಟ್ಟು ತರಕಾರಿ ಬೆಳೆಯುವ ಹೈಡ್ರೋಪೋನಿಕ್ಸ್ ಈಗ ಬಾಲ್ಕನಿಗೂ ಬಂದಿದೆ. ನಮ್ಮ ಮೇಲಿನ ಮನೆಯ ಏಳನೇ ಕ್ಲಾಸಿನ ಹುಡುಗಿ ಹೀಗೆ ನಾಲ್ಕು ದೊಣ್ಣೆ ಮೆಣಸಿನ ಗಿಡ ಸಾಕಿದ್ದಾಳೆ. ಶಾಲೆಯ ವಿಜ್ಞಾನ ಪ್ರದರ್ಶನ ಹತ್ತಿರ ಬಂತು; ಗಿಡದ ಎಲೆ ಮುರುಟಿದೆ, ಕಾಯಿಯ ತಳ ಕಂದಾಗಿ ಒಳಕ್ಕೆ ಕುಸಿದಿದೆ. "ತಾತ, ಇನ್ನೊಂದು ಚಮಚ ಗೊಬ್ಬರ ಹಾಕಲಾ?" ಎಂದು ಕೇಳಿದಳು. "ಬೇಡಮ್ಮ" ಎಂದೆ.

ಅವಳು ಹಾಕುತ್ತಿದ್ದುದು ಹೂಕುಂಡಕ್ಕೆಂದು ತಂದಿದ್ದ ಅಮೋನಿಯಂ ಸಲ್ಫೇಟ್. ಕುಂಡದಲ್ಲಿ ಅದು ಒಳ್ಳೆಯದೇ. ಮಣ್ಣಿನ ಬ್ಯಾಕ್ಟೀರಿಯಾಗಳು ಅಮೋನಿಯಂ ಅನ್ನು ನೈಟ್ರೇಟ್ ಆಗಿ ಬದಲಾಯಿಸಿ ಬೇರಿಗೆ ಕೊಡುತ್ತವೆ. ಬಕೆಟ್ಟಿನ ನೀರಿನಲ್ಲಿ ಆ ಕೆಲಸಗಾರರು ತೀರಾ ಕಡಿಮೆ. ಹಾಕಿದ್ದನ್ನು ಗಿಡ ಹಾಗೆಯೇ ತಿನ್ನಬೇಕು.

ಸಾರಜನಕ ಎರಡರಲ್ಲೂ ಇದೆ, ಆದರೆ ಲೆಕ್ಕ ಬೇರೆ. ಬ್ಯಾಂಕಿನ ಭಾಷೆಯಲ್ಲಿ ಹೇಳಿದರೆ (ಅಭ್ಯಾಸ ಬಿಡದು!) ನೈಟ್ರೇಟ್ ಉಳಿತಾಯ ಖಾತೆಯ ಹಣ. ಗಿಡ ಅದನ್ನು ಎಲೆಯ ಜೀವಕೋಶಗಳಲ್ಲಿ ಇಟ್ಟುಕೊಂಡು ಬೇಕಾದಾಗ ತೆಗೆಯುತ್ತದೆ. ಅಮೋನಿಯಂ ಅನ್ನು ಹಾಗೆ ಕೂಡಿಡುವುದು ಕಷ್ಟ, ಹೆಚ್ಚಾದರೆ ವಿಷ. ಬಂದ ಕೂಡಲೇ ಬೇರಿನಲ್ಲಿ ಸಕ್ಕರೆಯ ಅಂಶದೊಂದಿಗೆ ಸೇರಿಸಿ ಖರ್ಚು ಮಾಡಬೇಕು. ಆ ಸಕ್ಕರೆ ಎಲ್ಲಿಂದ? ಬಿಸಿಲಿನಿಂದ.

ಇಲ್ಲಿ ನೆರಳಿನ ವಿಷಯ ಬರುತ್ತದೆ. ಏಪ್ರಿಲ್‌ನಲ್ಲಿ ಕಟ್ಟಿದ ಹಸಿರು ಶೇಡ್ ನೆಟ್ ಜುಲೈನಲ್ಲೂ ಹಾಗೇ ಇತ್ತು. ಬೇಸಿಗೆಯಲ್ಲಿ ಅದು ಬೇಕೇ ಬೇಕು. ಇಲ್ಲದಿದ್ದರೆ ಕಾಯಿಯ ಮೇಲೆ ಬಿಸಿಲು ಸುಟ್ಟ ಬಿಳಿ ಕಲೆ ಬೀಳುತ್ತದೆ, ಹೂ ಉದುರುತ್ತದೆ. ಆದರೆ 50 ಶೇಕಡಾ ನೆಟ್ ಎಂದರೆ ಅರ್ಧ ಬೆಳಕು ಹೋಯಿತು ಎಂದೇ ಅರ್ಥ. ಮೇಲೆ ಆಷಾಢದ ಮೋಡ. ಗಿಡದ ಕೈಯಲ್ಲಿ ಸಕ್ಕರೆಯೇ ಇಲ್ಲದಾಗ ಅಮೋನಿಯಂ ಸುರಿದರೆ ಏನಾದೀತು?

ಇನ್ನೊಂದು ತೊಂದರೆಯೂ ಇದೆ. ಅಮೋನಿಯಂ ಹೀರುವಾಗ ಬೇರು ಆಮ್ಲವನ್ನು ಹೊರಬಿಡುತ್ತದೆ, ನೀರಿನ ಪಿಎಚ್ ಇಳಿಯುತ್ತದೆ. ಜೊತೆಗೆ ಕ್ಯಾಲ್ಸಿಯಂ ಬೇರಿನೊಳಗೆ ಬರಲು ಅಡ್ಡಿಯಾಗುತ್ತದೆ. ಬಂದ ಕ್ಯಾಲ್ಸಿಯಂ ಕೂಡ ನೀರಿನ ಜೊತೆ ಎಲೆಗಳ ಕಡೆಗೇ ಹೆಚ್ಚು ಹೋಗುವುದರಿಂದ ಕಾಯಿಯ ತುದಿಗೆ ಸಿಗುವುದು ಅಷ್ಟಿಷ್ಟು. ತಳ ಕುಸಿಯುವುದು ಅದಕ್ಕೇ; ಅದು ಹುಳದ ಕಾಟವಲ್ಲ, ಔಷಧಿ ಹೊಡೆದು ಪ್ರಯೋಜನವಿಲ್ಲ.

ಮನೆಯವರು ಗೊಬ್ಬರದ ಪೊಟ್ಟಣದ ಸಣ್ಣಕ್ಷರ ಓದಬೇಕು. ನೈಟ್ರೇಟ್, ಅಮೋನಿಯಂ, ಯೂರಿಯಾ ಎಷ್ಟೆಷ್ಟು ಎಂದು ಅಲ್ಲಿ ಬರೆದಿರುತ್ತದೆ. ಎಲ್ಲೆಡೆ ಸಿಗುವ 19:19:19ರಲ್ಲಿ ಯೂರಿಯಾ ಪಾಲೇ ದೊಡ್ಡದು, ಅದು ಬಕೆಟ್ಟಿಗೆ ಹೊಂದದು. ಸಾರಜನಕದ ಬಹುಪಾಲು ನೈಟ್ರೇಟ್ ಇರಲಿ, ಅಮೋನಿಯಂ ನೂರರಲ್ಲಿ ಹತ್ತು ಪಾಲು ಸಾಕು. ಪೂರ್ತಿ ಬಿಡುವುದೂ ಬೇಡ, ನೈಟ್ರೇಟ್ ಒಂದೇ ಆದರೆ ಪಿಎಚ್ ಏರುತ್ತಾ ಹೋಗುತ್ತದೆ. ಪಿಎಚ್ ಕಾಗದ ಅದ್ದಿ ನೋಡಿ, 5.5ರಿಂದ 6.5ರ ಒಳಗಿದ್ದರೆ ಸರಿ. ಮೋಡದ ದಿನಗಳಲ್ಲಿ ನೆಟ್ ಸುತ್ತಿಡಿ.

ಕೆಟ್ಟ ಕಾಯಿ ಮತ್ತೆ ಸರಿಹೋಗುವುದಿಲ್ಲ, ಕಿತ್ತುಬಿಡಿ. ಬಕೆಟ್ಟಿನ ನೀರು ಪೂರ್ತಿ ಬದಲಾಯಿಸಿ. ಆಮೇಲೆ ಕಚ್ಚುವ ಕಾಯಿಗಳ ತಳವನ್ನು ದಿನಾ ನೋಡುತ್ತಿರಿ.